ಲಂಡನ್ನಿನ ನಡುವೆ ಒಂದು ಕೊಟ್ಟಿಗೆ: ಹೋಗುವ ಮುನ್ನ ತಿಳಿದಿರಲಿ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಲಂಡನ್ನಿಗೆ ಹೋಗುವ ಕನ್ನಡಿಗರು ಈಗ ಬಹಳ ಮಂದಿ. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳವರೆಗೆ ಅಲ್ಲಿರಬಹುದು. ಮೊದಲೆರಡು ವಾರ ಟವರ್ ಬ್ರಿಡ್ಜ್, ಅರಮನೆ, ಮ್ಯೂಸಿಯಂ ಎಂದು ಓಡಾಟದಲ್ಲೇ ಕಳೆದುಹೋಗುತ್ತದೆ. ತೊಡಕು ಶುರುವಾಗುವುದು ಆಮೇಲೆ. ಮನೆಯವರೆಲ್ಲ ಕೆಲಸಕ್ಕೆ ಹೊರಟ ಮೇಲೆ ಉಳಿಯುವುದು ಪುಟ್ಟ ಮಗು ಮತ್ತು ಅಜ್ಜ-ಅಜ್ಜಿ. ಹೊರಗೆ ಗುರುತಿನವರಿಲ್ಲ. ಕರೆದುಕೊಂಡು ಹೋಗಲು ಜಾಗಗಳೇನೋ ಇವೆ, ಆದರೆ ಮಕ್ಕಳಿಗೆ ಇಷ್ಟವಾಗುವ ಬಹುಪಾಲು ಕಡೆ ಟಿಕೆಟ್ಟಿನ ದರ ಕೇಳಿ, ಅದನ್ನು ರೂಪಾಯಿಗೆ ಗುಣಿಸಿ ನೋಡಿದರೆ ಮನೆಯಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ. ಇಂಥ ಹೊತ್ತಿಗೆ ಯಾರೋ ಸಿಟಿ ಫಾರ್ಮ್‌ಗಳ ಹೆಸರು ಹೇಳುತ್ತಾರೆ: ನಗರದ ಮಧ್ಯದಲ್ಲೇ ಹಸು, ಕುರಿ, ಮೇಕೆ, ಕೋಳಿ, ತರಕಾರಿ ಪಾತಿ, ಪ್ರವೇಶವೂ ಉಚಿತ. ಹೋಗಿ ಬಂದವರಲ್ಲಿ ಕೆಲವರು ಅದನ್ನು ಬಾಯಿ ತುಂಬ ಹೊಗಳುತ್ತಾರೆ. ಇನ್ನು ಕೆಲವರು ‘ನಾಲ್ಕು ಮೇಕೆ, ಎರಡು ಹಂದಿ, ಕೆಸರು, ಅರ್ಧ ಗಂಟೆಯಲ್ಲಿ ಮುಗಿಯಿತು’ ಎನ್ನುತ್ತಾರೆ. ಒಂದೇ ಜಾಗದ ಬಗ್ಗೆ ಇಷ್ಟು ಬೇರೆ ಬೇರೆ ಮಾತು ಬರಲು ಕಾರಣ ಹೋದವರು ಇಟ್ಟುಕೊಂಡಿದ್ದ ನಿರೀಕ್ಷೆ. ಅದನ್ನು ಮೊದಲು ಸರಿಪಡಿಸಿಕೊಂಡರೆ ಉಳಿದ ಸಲಹೆಗಳು ತಾವಾಗಿಯೇ ಅರ್ಥವಾಗುತ್ತವೆ.

ಇವು ಹುಟ್ಟಿದ್ದು ಹೇಗೆ

1970ರ ದಶಕದಲ್ಲಿ ಲಂಡನ್ನಿನ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ರೈಲ್ವೆಯ ಸರಕು ಅಂಗಳಗಳೂ ಪಾಳು ಬೀಳುತ್ತಿದ್ದವು. ಒಂದೆಡೆ ಇಕ್ಕಟ್ಟಾದ ಬಾಡಿಗೆ ಮನೆಗಳು, ಪಕ್ಕದಲ್ಲೇ ಬೇಲಿ ಹಾಕಿದ ಖಾಲಿ ಜಾಗ. ಅಂಥ ಜಾಗಗಳನ್ನು ಸುತ್ತಲಿನ ನಿವಾಸಿಗಳೇ ಕೇಳಿ, ಹೋರಾಡಿ ಪಡೆದರು. ಮೊದಲನೆಯದು 1972ರಲ್ಲಿ ಕೆಂಟಿಷ್ ಟೌನ್‌ನಲ್ಲಿ ರೈಲು ಹಳಿಯ ಪಕ್ಕ ಶುರುವಾಯಿತು. ಮರುವರ್ಷ ಶುರುವಾದ ಫ್ರೈಟ್‌ಲೈನರ್ಸ್ ಫಾರ್ಮ್‌ಗೆ ಆ ಹೆಸರು ಬಂದದ್ದು ಮೊದಮೊದಲು ಪ್ರಾಣಿಗಳನ್ನು ಗೂಡ್ಸ್ ರೈಲಿನ ಡಬ್ಬಿಗಳಲ್ಲಿ ಕಟ್ಟುತ್ತಿದ್ದುದರಿಂದ. 1975ರಲ್ಲಿ ಥೇಮ್ಸ್ ದಂಡೆಯ ಸರ್ರೆ ಡಾಕ್ಸ್ ಫಾರ್ಮ್ ಬಂತು, 1978ರಲ್ಲಿ ಸ್ಪಿಟಲ್‌ಫೀಲ್ಡ್ಸ್.

ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಐಲ್ ಆಫ್ ಡಾಗ್ಸ್‌ನ ಮಡ್‌ಷೂಟ್. 19ನೇ ಶತಮಾನದಲ್ಲಿ ಮಿಲ್‌ವಾಲ್ ಹಡಗುಕಟ್ಟೆಯ ತಳದಿಂದ ತೆಗೆದ ಹೂಳನ್ನು ಕೊಳವೆಯಲ್ಲಿ ಸಾಗಿಸಿ ಇಲ್ಲಿ ಸುರಿಯುತ್ತಿದ್ದರು. ಹೂಳು ಗುಡ್ಡವಾಯಿತು, ಗುಡ್ಡದ ಮೇಲೆ ಹುಲ್ಲು ಬೆಳೆಯಿತು. ಎರಡನೇ ಮಹಾಯುದ್ಧದಲ್ಲಿ ಅದರ ಮೇಲೆ ವಿಮಾನ ಹೊಡೆಯುವ ಫಿರಂಗಿಗಳನ್ನು ನಿಲ್ಲಿಸಿದರು. ಅಂಥ ಒಂದು ಫಿರಂಗಿಯನ್ನು ಈಗಲೂ ಅಲ್ಲಿ ನೋಡಬಹುದು. 1974ರಲ್ಲಿ ಅಲ್ಲಿ ಎತ್ತರದ ವಸತಿ ಕಟ್ಟಡಗಳನ್ನು ಕಟ್ಟುವ ಯೋಜನೆ ಬಂದಾಗ ಸ್ಥಳೀಯರು ವಿರೋಧಿಸಿದರು. 1977ರಲ್ಲಿ ಅವರ ಸಂಘವೇ ಆ 32 ಎಕರೆಯ ಉಸ್ತುವಾರಿ ವಹಿಸಿಕೊಂಡಿತು. ಇಂದು ಅಲ್ಲಿ ಕುರಿ ಮೇಯುವ ಹುಲ್ಲುಗಾವಲಿನ ಹಿಂದೆಯೇ ಕೆನರಿ ವಾರ್ಫ್‌ನ ಬ್ಯಾಂಕುಗಳ ಗೋಪುರಗಳು ಎದ್ದು ನಿಂತಿವೆ.

ಇದು ಕೆಲಸ ನಡೆಯುವ ಜಾಗ

ಈ ಚರಿತ್ರೆಯಿಂದ ನಮಗೆ ಬೇಕಾದ ಮಾತು ಒಂದೇ. ಮೃಗಾಲಯವನ್ನು ಕಟ್ಟುವುದು ನೋಡಲು ಬರುವವರಿಗಾಗಿ. ಸಿಟಿ ಫಾರ್ಮ್ ಹುಟ್ಟಿದ್ದು ಅಲ್ಲಿ ಕೆಲಸ ಮಾಡುವವರಿಗಾಗಿ. ವಾರದ ದಿನ ಬೆಳಗ್ಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಕೊಟ್ಟಿಗೆ ಬಾಚುತ್ತಿರುವವರಲ್ಲಿ ಸಂಬಳದವರು ಕಡಿಮೆ, ಸ್ವಯಂಸೇವಕರೇ ಹೆಚ್ಚು. ಅವರಲ್ಲಿ ನಿವೃತ್ತರಿರುತ್ತಾರೆ, ಬುದ್ಧಿಮಾಂದ್ಯತೆಯಿರುವ ಯುವಕರಿರುತ್ತಾರೆ, ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿರುತ್ತಾರೆ. ಹತ್ತಿರದ ಶಾಲೆಯ ಮಕ್ಕಳು ಮೇಷ್ಟರ ಜೊತೆ ಸಾಲಾಗಿ ಬಂದಿರುತ್ತಾರೆ. ಪ್ರಾಣಿಗಳ ಸಂಖ್ಯೆ ಕಡಿಮೆ ಇರುವುದು, ಬೆಳಗ್ಗೆ ಕೆಲವು ಗೇಟುಗಳು ಮುಚ್ಚಿರುವುದು, ಸಂಜೆ ಬೇಗ ಬಾಗಿಲು ಹಾಕುವುದು, ಕೈ ತೊಳೆಯಿರಿ ಎಂದು ಹೆಜ್ಜೆಹೆಜ್ಜೆಗೂ ಬರೆದಿರುವುದು, ಇವೆಲ್ಲ ಕೊರತೆಯಂತೆಯೋ ಕಿರಿಕಿರಿಯಂತೆಯೋ ತೋರುವುದು ನಾವು ಪ್ರೇಕ್ಷಕರಾಗಿ ಹೋದಾಗ. ಕೆಲಸದ ಮನೆಗೆ ಹೋದ ನೆಂಟರಂತೆ ಹೋದರೆ ಪ್ರತಿಯೊಂದಕ್ಕೂ ಕಾರಣ ಕಾಣುತ್ತದೆ. ಆದ್ದರಿಂದ ಇಡೀ ಭೇಟಿಯನ್ನು ಆ ಕೆಲಸದ ಹೊತ್ತಿಗೆ, ಅದರ ವೇಗಕ್ಕೆ, ಅದರ ಕಟ್ಟುಪಾಡಿಗೆ ಹೊಂದಿಸಿಕೊಳ್ಳಬೇಕೆಂಬುದು ಈ ಲೇಖನದ ವಾದ.

‘ಹಟ್ಟಿಯಲ್ಲೇ ಹುಟ್ಟಿ ಬೆಳೆದವರು ನಾವು, ಹಸು-ಕುರಿ ನೋಡಲು ಲಂಡನ್ನಿಗೆ ಹೋಗಬೇಕಿತ್ತೇ?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರವೂ ಆ ಪ್ರಶ್ನೆಯೊಳಗೇ ಇದೆ. ಮ್ಯೂಸಿಯಂನಲ್ಲಿ, ಮೆಟ್ರೋದಲ್ಲಿ, ಅಂಗಡಿಯಲ್ಲಿ ಎಲ್ಲ ಕಡೆ ಮೊಮ್ಮಗು ಮುಂದೆ, ಅಜ್ಜ ಹಿಂದೆ. ಮಗುವಿಗೆ ಭಾಷೆ ಬರುತ್ತದೆ, ದಾರಿ ಗೊತ್ತು. ಆ ಊರಿನಲ್ಲಿ ಅಜ್ಜನ ತಿಳಿವಳಿಕೆಗೆ ಬೆಲೆ ಬರುವ ಜಾಗ ಕೊಟ್ಟಿಗೆಯ ಎದುರು. ಮೇಕೆ ಗಬ್ಬವಾಗಿದೆಯೇ, ಹಸು ಯಾಕೆ ಬಾಲ ಬಡಿಯುತ್ತಿದೆ, ಕೋಳಿ ಯಾಕೆ ಮಣ್ಣಿನಲ್ಲಿ ಹೊರಳುತ್ತದೆ ಎಂಬುದನ್ನು ಅವರು ಕನ್ನಡದಲ್ಲೇ ಹೇಳಬಲ್ಲರು. ಮಗುವೂ ಆ ಪದಗಳನ್ನು ಪ್ರಾಣಿಯನ್ನು ನೋಡುತ್ತಲೇ ಕಲಿಯುತ್ತದೆ. ಇನ್ನೊಂದು ಮಾತು: ಅಲ್ಲಿರುವ ತಳಿಗಳು ನಮ್ಮವಲ್ಲ. 1900ರಿಂದ 1973ರ ನಡುವೆ ಬ್ರಿಟನ್ನಿನ 26 ನಾಡತಳಿಗಳು ಅಳಿದುಹೋದವೆಂದು ಅಲ್ಲಿನ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಲೆಕ್ಕ ಇಟ್ಟಿದೆ. ಉಳಿದವುಗಳಲ್ಲಿ ಕೆಲವನ್ನು ಸಿಟಿ ಫಾರ್ಮ್‌ಗಳು ಸಾಕುತ್ತವೆ. ಐರ್ಲೆಂಡಿನ ಗಿಡ್ಡ ಹಸು ಡೆಕ್ಸ್‌ಟರ್ ಎಲ್ಲಾದರೂ ಕಂಡರೆ ನಿಂತು ನೋಡಿ. ಮೀಟರಿನಷ್ಟೇ ಎತ್ತರ, ಮೈ ಗಟ್ಟಿ, ಮೇವು ಕಡಿಮೆ ಸಾಕು. ಮಲೆನಾಡು ಗಿಡ್ಡ ಸಾಕಿದವರಿಗೆ ಅದರ ಬಗ್ಗೆ ಕೇಳಲು ಹತ್ತು ಪ್ರಶ್ನೆಗಳಿರುತ್ತವೆ, ಅಲ್ಲಿನ ಸ್ವಯಂಸೇವಕರಿಗೂ ಇವರನ್ನು ಕೇಳಲು ಅಷ್ಟೇ ಇರುತ್ತವೆ.

ಹೋಗುವ ಕ್ರಮ

1. ದಿನಕ್ಕೆ ಒಂದೇ ಫಾರ್ಮ್ ಇಟ್ಟುಕೊಳ್ಳಿ. ಮೊದಲ ಸಲಕ್ಕೆ ಮಡ್‌ಷೂಟ್ ಒಳ್ಳೆಯದು, ಏಕೆಂದರೆ ಜಾಗ ವಿಶಾಲ, ಓಡಾಡಲು ಹುಲ್ಲುಗಾವಲಿದೆ, ತಲುಪುವುದೂ ಸುಲಭ. ಬ್ಯಾಂಕ್ ನಿಲ್ದಾಣದಿಂದ ಲೂಯಿಶಮ್ ಕಡೆಗೆ ಹೋಗುವ ಡಿಎಲ್ಆರ್ ರೈಲು ಹತ್ತಿ ಕ್ರಾಸ್‌ಹಾರ್ಬರ್‌ನಲ್ಲೋ ಮಡ್‌ಷೂಟ್‌ನಲ್ಲೋ ಇಳಿಯಬಹುದು. ಡಿಎಲ್ಆರ್‌ನ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರಂ ತಲುಪಲು ವ್ಯವಸ್ಥೆಯಿದೆ. ಮಗುವಿನ ತಳ್ಳುಗಾಡಿಯಿದ್ದವರಿಗೆ, ಮಂಡಿನೋವಿನವರಿಗೆ ಇದು ದೊಡ್ಡ ಅನುಕೂಲ. ಟಿಕೆಟ್ ಪಡೆದ ಹಿರಿಯರೊಬ್ಬರ ಜೊತೆ 11 ವರ್ಷದೊಳಗಿನ ನಾಲ್ಕು ಮಕ್ಕಳವರೆಗೆ ಟ್ಯೂಬ್ ಮತ್ತು ಡಿಎಲ್ಆರ್‌ನಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಫಾರ್ಮ್ ನೋಡಿದ ಮೇಲೆ ಉತ್ಸಾಹ ಉಳಿದಿದ್ದರೆ ದಕ್ಷಿಣಕ್ಕೆ ಐಲ್ಯಾಂಡ್ ಗಾರ್ಡನ್ಸ್‌ವರೆಗೆ ನಡೆದು, 1902ರಲ್ಲಿ ಕಟ್ಟಿದ ಸುರಂಗದಲ್ಲಿ ಥೇಮ್ಸ್ ನದಿಯ ಅಡಿಯಿಂದಲೇ ಗ್ರೀನಿಚ್‌ಗೆ ದಾಟಬಹುದು. ಸುರಂಗದ ಲಿಫ್ಟುಗಳು ಆಗಾಗ ಕೈಕೊಡುತ್ತವೆ, ಆಗ ಮೆಟ್ಟಿಲೇ ಗತಿ ಎಂಬುದು ನೆನಪಿರಲಿ.

ಬಸವಣ್ಣನವರ ಪ್ರತಿಮೆ ನೋಡದೆ ಲಂಡನ್ನಿನಿಂದ ಮರಳುವ ಕನ್ನಡಿಗರು ಕಡಿಮೆ. 2015ರ ನವೆಂಬರ್ 14ರಂದು ಅನಾವರಣಗೊಂಡ ಆ ಪ್ರತಿಮೆ ಇರುವುದು ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ನದಿಯ ದಂಡೆಗೆ. ಅಲ್ಲಿಂದ ರೈಲು ಕಮಾನುಗಳ ಕೆಳಗೆ ಹಾದು ಒಳಬದಿಗೆ ನಡೆದರೆ ಟೈಯರ್ಸ್ ಸ್ಟ್ರೀಟ್‌ನ ವಾಕ್ಸ್‌ಹಾಲ್ ಸಿಟಿ ಫಾರ್ಮ್ ಸಿಗುತ್ತದೆ. ಇದು ಚಿಕ್ಕದು, ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಕುದುರೆ ಸವಾರಿ ಕಲಿಸುವುದು ಇಲ್ಲಿನ ಮುಖ್ಯ ಕೆಲಸಗಳಲ್ಲೊಂದು. ಎರಡನ್ನೂ ಒಂದೇ ಬೆಳಗ್ಗೆ ಸೇರಿಸಿಕೊಳ್ಳಬಹುದು. ನದಿ ನೋಡುತ್ತ ನಡೆಯಲು ಇಷ್ಟವಿದ್ದವರಿಗೆ ಸರ್ರೆ ಡಾಕ್ಸ್. ಅಲ್ಲಿ ಕಮ್ಮಾರನ ಕುಲುಮೆಯೂ ಇದೆ.

2. ವಾರದ ನಡುವಿನ ಬೆಳಗ್ಗೆ ಹೋಗಿ. ಶನಿವಾರ, ಭಾನುವಾರ ಜನ ಹೆಚ್ಚು. ಗದ್ದಲಕ್ಕೆ ಬೇಸತ್ತ ಪ್ರಾಣಿಗಳು ಕೊಟ್ಟಿಗೆಯ ಹಿಂದಿನ ಮೂಲೆ ಸೇರುತ್ತವೆ. ಬೆಳಗ್ಗೆ ಮೇವು ಹಾಕುವ, ಸಗಣಿ ತೆಗೆಯುವ, ಹೊಸ ಹುಲ್ಲು ಹಾಸುವ ಹೊತ್ತಿನಲ್ಲಿ ಪ್ರಾಣಿಗಳು ಚುರುಕಾಗಿರುತ್ತವೆ. ನೋಡುವುದಕ್ಕೂ ಕೇಳುವುದಕ್ಕೂ ಏನಾದರೂ ಇರುತ್ತದೆ. ಸೋಮವಾರ ಬಾಗಿಲು ಹಾಕುವ ಫಾರ್ಮ್‌ಗಳು ಹಲವು, ಸಂಜೆ ನಾಲ್ಕರ ಆಸುಪಾಸಿಗೇ ಮುಚ್ಚುವವೂ ಉಂಟು. ಗೇಟು ಮುಚ್ಚಿದ ಮೇಲೂ ಒಳಗೆ ಕೆಲಸ ನಡೆದೇ ಇರುತ್ತದೆ. ಪ್ರಾಣಿಗಳನ್ನು ಒಳಗೆ ಕಟ್ಟಿ, ಎಣಿಸಿ, ಬೀಗ ಹಾಕುವವರೆಗೆ ಬಿಡುವಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ದಿನ ಬೆಳಗ್ಗೆ ಆ ಫಾರ್ಮ್‌ನ ಪ್ರಕಟಣೆಯನ್ನೇ ನೋಡಿಕೊಳ್ಳಿ, ಹಳೆಯ ಮಾತು ನಂಬಬೇಡಿ.

3. ಕಾಲಿಗೆ ಗಂಬೂಟು, ಮಗುವಿಗೆ ಒಂದು ಜೊತೆ ಬದಲಿ ಬಟ್ಟೆ. ಸೀರೆ ಉಟ್ಟು ಹೋಗುವ ಅಜ್ಜಿಯರು ನೆರಿಗೆ ತುಸು ಮೇಲಕ್ಕೆ ಕಟ್ಟಿಕೊಂಡರೆ ಸರಿ. ಸೆರಗನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಬೇಲಿಯಾಚೆಯ ಮೇಕೆಗೆ ತೂಗುವ ಬಟ್ಟೆ ಸಿಕ್ಕರೆ ಬಿಡುವುದಿಲ್ಲ.

4. ಎಲ್ಲವನ್ನೂ ಸುತ್ತುವ ಬದಲು ಒಂದೇ ಪ್ರಾಣಿಯ ಮುಂದೆ ಕಾಲು ಗಂಟೆ ನಿಲ್ಲಿ. ‘ಅರ್ಧ ಗಂಟೆಯಲ್ಲಿ ಮುಗಿಯಿತು’ ಎನ್ನುವವರು ಬಿಟ್ಟುಬಿಡುವುದು ಇದನ್ನೇ. ಮೇಕೆಯ ಕಣ್ಣನ್ನು ನೋಡಲು ಮಗುವಿಗೆ ಹೇಳಿ. ಅದರ ಪಾಪೆ ದುಂಡಗಿಲ್ಲ, ಅಡ್ಡಲಾಗಿ ಇಟ್ಟ ಪಟ್ಟಿಯ ಹಾಗೆ ಉದ್ದ. ನೆಲದ ಉದ್ದಗಲಕ್ಕೂ ಕಣ್ಣಾಡಿಸಿ ಬೇಟೆಯಾಡುವ ಪ್ರಾಣಿ ಬರುತ್ತಿದೆಯೇ ಎಂದು ತಿಳಿಯಲು ಆ ಆಕಾರ ನೆರವಾಗುತ್ತದೆ. ಇನ್ನೂ ಸೋಜಿಗದ ವಿಷಯವೆಂದರೆ ಮೇಕೆ ಹುಲ್ಲಿಗೆ ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆಯೇ ತಿರುಗಿ ಪಾಪೆ ನೆಲಕ್ಕೆ ಸಮಾನಾಂತರವಾಗಿಯೇ ಉಳಿಯುತ್ತದೆ. ತಲೆ ಎತ್ತಿದಾಗೊಮ್ಮೆ, ಬಗ್ಗಿಸಿದಾಗೊಮ್ಮೆ ನೋಡಿದರೆ ಮಗುವಿಗೂ ಇದು ಗೊತ್ತಾಗುತ್ತದೆ. ಆಕಳಿಸಿದಾಗ ಬಾಯಿ ನೋಡಿ: ಮೇಲಿನ ವಸಡಿನಲ್ಲಿ ಮುಂದಿನ ಹಲ್ಲುಗಳೇ ಇಲ್ಲ, ಅಲ್ಲಿರುವುದು ಗಟ್ಟಿಯಾದ ಮಾಂಸದ ದಿಂಡು. ಇನ್ನು ಮಲಗಿರುವ ಹಸುವಿನ ಎದುರು ನಿಂತರೆ ಅದು ಗುಟುಕನ್ನು ನುಂಗುತ್ತದೆ, ಒಂದು ಕ್ಷಣ ಸುಮ್ಮನಿರುತ್ತದೆ, ಆಮೇಲೆ ಕತ್ತಿನೊಳಗಿಂದ ಒಂದು ಉಂಡೆ ಮೇಲೇರಿ ಬರುವುದು ಚರ್ಮದ ಮೇಲೆಯೇ ಕಾಣುತ್ತದೆ. ಆ ಒಂದು ಉಂಡೆಯನ್ನು ಎಷ್ಟು ಸಲ ಜಗಿಯುತ್ತದೆಂದು ಎಣಿಸಲು ಮಗುವಿಗೆ ಹೇಳಿ. 40ರಿಂದ 60ರ ನಡುವೆ ಬರುವುದು ಸಾಮಾನ್ಯ. ಕನ್ನಡದ ಎಣಿಕೆ ಕಲಿಸಲು ಇಷ್ಟು ತಾಳ್ಮೆಯ ಸಹಾಯಕ ಬೇರೆ ಸಿಗಲಾರದು.

5. ತರಕಾರಿ ಪಾತಿಗಳನ್ನು ಬಿಟ್ಟು ಬರಬೇಡಿ. ಮಕ್ಕಳು ಪ್ರಾಣಿಗಳತ್ತ ಎಳೆಯುತ್ತಾರೆ, ಆದರೆ ಫಾರ್ಮ್‌ನ ಅರ್ಧ ಕಥೆ ಇರುವುದು ಮಣ್ಣಿನಲ್ಲಿ. ಕೊಟ್ಟಿಗೆಯ ಸಗಣಿ, ಹಾಸಿದ ಹುಲ್ಲು ತಿಪ್ಪೆ ಸೇರಿ, ಗೊಬ್ಬರವಾಗಿ ಪಾತಿಗೆ ಬರುತ್ತದೆ. ಚಳಿಗಾಲದ ಬೆಳಗ್ಗೆ ಆ ತಿಪ್ಪೆಯಿಂದ ಹಬೆ ಏಳುವುದನ್ನು ನೋಡಬಹುದು. ಒಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿರುವುದರ ಕಾವು ಅದು. ಸ್ಪಿಟಲ್‌ಫೀಲ್ಡ್ಸ್‌ಗೆ ಹೋದವರು ಅಲ್ಲಿನ ‘ಕೊರಿಯಾಂಡರ್ ಕ್ಲಬ್’ ಬಗ್ಗೆ ವಿಚಾರಿಸಿ. ಬ್ರಿಕ್ ಲೇನ್ ಸುತ್ತಮುತ್ತ ನೆಲೆಸಿರುವ ಬಾಂಗ್ಲಾದೇಶ ಮೂಲದ ಹೆಂಗಸರು ಸೇರಿ ಕಟ್ಟಿಕೊಂಡ ಗುಂಪು ಅದು. ತಮ್ಮ ಊರಿನ ಸೋರೆಕಾಯಿ, ಕೊತ್ತಂಬರಿ ಮುಂತಾದವನ್ನು ಲಂಡನ್ನಿನ ಮಣ್ಣಿನಲ್ಲಿ ಬೆಳೆದು, ಅಡುಗೆಯನ್ನೂ ಕಲಿಸಿದವರು. ಅಲ್ಲಿ ಬೇಸಿಗೆಯ ಹಗಲು ತುಂಬ ಉದ್ದ, ಆದರೆ ಮೇ ತಿಂಗಳವರೆಗೂ ಮಂಜಿನ ಭಯ. ಹಾಗಾಗಿ ನಮ್ಮ ಕಡೆಯ ಬಳ್ಳಿ ತರಕಾರಿಗಳ ಸಸಿಯನ್ನು ಪ್ಲಾಸ್ಟಿಕ್ ಹೊದಿಸಿದ ಮಾಡದ ಕೆಳಗೆ ಎಬ್ಬಿಸಿ, ಚಳಿ ಕಳೆದ ಮೇಲೆ ಬಿಸಿಲಿಗೆ ಬಿಡಬೇಕಾಗುತ್ತದೆ. ಮಗಳ ಮನೆಯ ಹಿತ್ತಿಲಿನಲ್ಲಿ ಸೋರೆ ಹಬ್ಬಿಸಬೇಕೆಂದಿರುವ ಅಜ್ಜಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಆ ಊರಿನಲ್ಲಿಲ್ಲ.

6. ಮತ್ತೆ ಹೋಗಿ. ವಸಂತದಲ್ಲಿ ಮರಿಗಳು ಹುಟ್ಟುತ್ತವೆ, ಬೇಸಿಗೆಯ ಆರಂಭದಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಾರೆ, ಆಮೇಲೆ ಪಾತಿಗಳು ತುಂಬಿಕೊಳ್ಳುತ್ತವೆ. ಎರಡನೇ ಸಲಕ್ಕೆ ಸ್ವಯಂಸೇವಕರು ಗುರುತು ಹಿಡಿಯುತ್ತಾರೆ, ಮೂರನೇ ಸಲಕ್ಕೆ ಪೊರಕೆ ಕೊಡಲೂಬಹುದು.

ಎಚ್ಚರಿಕೆಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಕೈ ತೊಳೆಯುವುದು. ಹಳ್ಳಿಯಲ್ಲಿ ಬೆಳೆದವರಿಗೆ ಇದು ಅತಿಯೆನಿಸಬಹುದು: ‘ನಾವೇನು ಸಗಣಿ ಮುಟ್ಟದೆ ಬೆಳೆದವರೇ?’ ಆದರೆ ಹಸು, ಕುರಿ, ಮೇಕೆಗಳ ಕರುಳಿನಲ್ಲಿ ಇ. ಕೋಲೈ ಓ157 ಎಂಬ ಬ್ಯಾಕ್ಟೀರಿಯಾ ಇರಬಹುದು. ಅದರಿಂದ ಪ್ರಾಣಿಗೆ ಏನೂ ಆಗುವುದಿಲ್ಲ, ಹೀಗಾಗಿ ಆರೋಗ್ಯವಂತ ಪ್ರಾಣಿಯೂ ಸೋಂಕು ಹರಡಬಲ್ಲದು. ಬಹಳ ಸ್ವಲ್ಪ ಪ್ರಮಾಣ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಲ್ಲಿ ರಕ್ತಭೇದಿಯಾಗಿ, ಕೆಲವರಲ್ಲಿ ಮೂತ್ರಪಿಂಡವೇ ಕೆಟ್ಟುಹೋಗಬಹುದು. 2009ರಲ್ಲಿ ಇಂಗ್ಲೆಂಡಿನ ಸರ್ರೆ ಕೌಂಟಿಯ ಒಂದು ಫಾರ್ಮ್‌ಗೆ ಕೊಟ್ಟ ಭೇಟಿಗಳಿಂದ ಹಬ್ಬಿದ ಇಂಥ ಸೋಂಕಿಗೆ 93 ಮಂದಿ ತುತ್ತಾದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅಲ್ಲಿನ ಫಲಕಗಳು ಅಷ್ಟು ಒತ್ತಿ ಹೇಳುವುದು ಇದಕ್ಕೇ. ಪ್ರಾಣಿ ಮುಟ್ಟಿದ ಮೇಲೆ, ಬೇಲಿ ಹಿಡಿದ ಮೇಲೆ, ಏನನ್ನಾದರೂ ತಿನ್ನುವ ಮುಂಚೆ, ಗಂಬೂಟು ಕಳಚಿದ ಮೇಲೆ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಚೀಲದಲ್ಲಿರುವ ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ. ಕೊಳೆ ಅಂಟಿದ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಫಾರ್ಮ್‌ಗಳಲ್ಲಿ ಹರಡುವ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿಯನ್ನಂತೂ ಅದು ಕೊಲ್ಲುವುದೇ ಇಲ್ಲ. ಬೆರಳು ಚೀಪುವ ಮಗುವಿದ್ದರೆ ಅದರ ಕೈ ಮೇಲೆ ಕಣ್ಣಿಟ್ಟಿರಿ. ತಿಂಡಿಯನ್ನು ಊಟಕ್ಕೆಂದು ಗೊತ್ತುಮಾಡಿದ ಜಾಗದಲ್ಲೇ ಕೊಡಿ.

ಬಾಣಂತನಕ್ಕೆ ಹೋದವರು ಇದನ್ನು ಎರಡು ಸಲ ಓದಿ. ಮನೆಯಲ್ಲಿ ಗರ್ಭಿಣಿಯಿದ್ದರೆ ಮರಿ ಹಾಕುವ ಕಾಲದಲ್ಲಿ ಆಕೆ ಕುರಿ-ಮರಿಗಳ ಹತ್ತಿರ ಹೋಗಬಾರದು ಎಂಬುದು ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯ ಸಲಹೆ. ಮರಿ ಹಾಕುವ ಕುರಿಗಳಿಂದ, ಅವುಗಳ ಮಾಸಿನಿಂದ, ಎಳೆಯ ಮರಿಗಳಿಂದ ಹರಡುವ ಕೆಲವು ಸೋಂಕುಗಳು ಗರ್ಭಪಾತಕ್ಕೆ ಕಾರಣವಾಗಬಲ್ಲವು. ಅಜ್ಜ ಮೊಮ್ಮಗುವನ್ನು ಕರೆದುಕೊಂಡು ಮರಿ ನೋಡಿ ಬಂದರೆ ಆ ಬಟ್ಟೆ, ಗಂಬೂಟುಗಳನ್ನು ಗರ್ಭಿಣಿ ತೊಳೆಯುವಂತಾಗಬಾರದು.

ಹಕ್ಕಿಜ್ವರದ ಕಾಲದಲ್ಲಿ ಕೋಳಿ, ಬಾತುಗಳನ್ನು ಒಳಗೇ ಕೂಡಿಡುವಂತೆ ಸರಕಾರ ಆದೇಶ ಹೊರಡಿಸುತ್ತದೆ. 2022ರ ನವೆಂಬರಿನಿಂದ 2023ರ ಏಪ್ರಿಲ್‌ವರೆಗೆ ಇಂಗ್ಲೆಂಡಿನಲ್ಲೆಲ್ಲ ಹೀಗಾಗಿತ್ತು. ಚಳಿಗಾಲದಲ್ಲಿ ಕೋಳಿ ಕಾಣದಿದ್ದರೆ ಬೇಸರಿಸಬೇಡಿ.

ಹೆಚ್ಚಿನವರು ಮಾಡುವ ತಪ್ಪು

ಮೊದಲನೆಯದು ಮನೆಯಿಂದ ತಿಂಡಿ ಒಯ್ದು ಪ್ರಾಣಿಗೆ ಹಾಕುವುದು. ಹಸುವಿಗೆ ಬಾಳೆಹಣ್ಣು, ಮಿಕ್ಕ ಚಪಾತಿ, ತರಕಾರಿ ಸಿಪ್ಪೆ ಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಅಲ್ಲಿ ಅದು ಕಾನೂನಿಗೆ ವಿರುದ್ಧ. ಮನೆಯ ಅಡುಗೆಮನೆ ದಾಟಿ ಬಂದ ಯಾವ ಪದಾರ್ಥವನ್ನೂ, ಸಸ್ಯಾಹಾರವಾದರೂ ಸರಿ, ಸಾಕುವ ದನ, ಕುರಿ, ಹಂದಿ, ಕೋಳಿಗಳಿಗೆ ಹಾಕುವಂತಿಲ್ಲ. 2001ರಲ್ಲಿ ಬ್ರಿಟನ್ನಿಗೆ ಬಡಿದ ಕಾಲುಬಾಯಿ ಜ್ವರಕ್ಕೆ ಮೂಲ, ಸರಿಯಾಗಿ ಬೇಯಿಸದ ಎಂಜಲು-ಮುಸುರೆ ತಿಂದ ಹಂದಿಗಳು ಎಂದು ತನಿಖೆಯಲ್ಲಿ ಕಂಡುಬಂತು. ಆ ವರ್ಷ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಆ ನೋವು ಕಂಡ ದೇಶ ಈ ವಿಷಯದಲ್ಲಿ ಕಟ್ಟುನಿಟ್ಟಾಗಿರುವುದು ಸಹಜ. ಕಾನೂನು ಬದಿಗಿಟ್ಟರೂ ಪ್ರಾಣಿಯ ಹೊಟ್ಟೆಯ ಮಾತು ಇದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆ ನಾರಿನ ಮೇವಿಗೆ ಹೊಂದಿಕೊಂಡಿರುತ್ತದೆ. ಬ್ರೆಡ್ಡು, ಅನ್ನ, ಚಪಾತಿ ಒಮ್ಮೆಲೇ ಹೆಚ್ಚಾದರೆ ಅಲ್ಲಿ ಹುಳಿ ಏರಿ ಪ್ರಾಣಕ್ಕೇ ಕುತ್ತು. ಒಬ್ಬರು ಕೊಟ್ಟ ಒಂದು ತುಂಡಿನಿಂದ ಏನಾದೀತು ಎಂದು ಕೇಳಬಹುದು. ಒಂದೇ ಭಾನುವಾರ ನೂರಾರು ಜನ ಹಾಗೆಯೇ ಯೋಚಿಸುತ್ತಾರೆ ಎಂಬುದೇ ಅದಕ್ಕೆ ಉತ್ತರ. ತಿನ್ನಿಸಲೇಬೇಕೆಂದಿದ್ದರೆ ಕೆಲವು ಫಾರ್ಮ್‌ಗಳು ತಾವೇ ಮೇವಿನ ಪೊಟ್ಟಣ ಮಾರುತ್ತವೆ. ಅಂಗೈ ಚಪ್ಪಟೆಯಾಗಿ ಹಿಡಿದು, ಹೆಬ್ಬೆರಳನ್ನು ಬದಿಗೆ ಒತ್ತಿ ಕೊಡಲು ಮಗುವಿಗೆ ಕಲಿಸಿ.

ಎರಡನೆಯದು ಎದುರಿಗೆ ಕಂಡವರ ಫೋಟೊ ತೆಗೆಯುವುದು. ಅಲ್ಲಿ ಶಾಲಾ ಮಕ್ಕಳೂ ಚಿಕಿತ್ಸೆಯ ಭಾಗವಾಗಿ ಕೆಲಸಕ್ಕೆ ಬಂದವರೂ ಇರುತ್ತಾರೆ. ಪ್ರಾಣಿಯದ್ದು ಎಷ್ಟಾದರೂ ತೆಗೆಯಿರಿ, ಮನುಷ್ಯರದ್ದು ಕೇಳಿ ತೆಗೆಯಿರಿ.

ಮೂರನೆಯದನ್ನು ತಪ್ಪು ಅನ್ನುವುದಕ್ಕಿಂತ ಸಿದ್ಧತೆಯ ಕೊರತೆ ಅನ್ನಬಹುದು. ಕೆಲವು ಫಾರ್ಮ್‌ಗಳಲ್ಲಿ ಹಂದಿ, ಕುರಿಗಳನ್ನು ಮಾಂಸಕ್ಕೆಂದೇ ಬೆಳೆಸುತ್ತಾರೆ, ಅಂಗಡಿಯಲ್ಲಿ ಮಾರುತ್ತಾರೆ. ಕೆಲವು ಕಡೆ ಹಾಗಿಲ್ಲ. ಸಸ್ಯಾಹಾರಿ ಮನೆಯ ಮಗುವಿಗೆ ಈಗಷ್ಟೇ ಮೈದಡವಿದ ಮರಿಯ ಬಗ್ಗೆ ಇದು ಗೊತ್ತಾದರೆ ಆಘಾತವಾಗಬಹುದು. ಇದೇ ಕಾರಣಕ್ಕೆ ಹೋಗಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸೂಪರ್ ಮಾರ್ಕೆಟ್ಟಿನ ತಣ್ಣನೆಯ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿರುವುದನ್ನು ಫಾರ್ಮ್ ಮುಚ್ಚಿಡುವುದಿಲ್ಲ, ಅಷ್ಟೇ. ಮುಂಚೆಯೇ ವಿಚಾರಿಸಿಕೊಂಡು, ಮಗು ಕೇಳಿದರೆ ಏನು ಹೇಳಬೇಕೆಂದು ಮನೆಯಲ್ಲೇ ಮಾತಾಡಿಕೊಂಡು ಹೋಗುವುದು ಮೇಲು.

ಉಚಿತ ಪ್ರವೇಶದ ಲೆಕ್ಕ

ಉಚಿತವೆಂದ ಮೇಲೆ ದುಡ್ಡಿನ ಮಾತೇಕೆ ಎನ್ನುವವರಿದ್ದಾರೆ. ಬಾಗಿಲಲ್ಲಿ ಟಿಕೆಟ್ ಇಡದಿರುವುದು ಈ ಸಂಸ್ಥೆಗಳು ಬೇಕೆಂದೇ ಮಾಡಿಕೊಂಡ ಆಯ್ಕೆ. ಸುತ್ತಲಿನ ಬಡ ಕುಟುಂಬಗಳ ಮಕ್ಕಳು ದಿನವೂ ಬರುವಂತಿರಬೇಕೆಂಬುದೇ ಅವುಗಳ ಉದ್ದೇಶ. ಆದರೆ ಮೇವಿಗೆ, ಪಶುವೈದ್ಯರಿಗೆ, ಹಾಸಿಗೆ ಹುಲ್ಲಿಗೆ, ನೀರಿಗೆ ಖರ್ಚು ಇದ್ದೇ ಇದೆ. ಕ್ರಿಸ್‌ಮಸ್ ದಿನವೂ ಯಾರೋ ಬಂದು ಪ್ರಾಣಿಗಳಿಗೆ ಮೇವು ಹಾಕಲೇಬೇಕು. ಈ ಖರ್ಚಿನ ಹಣ ಹುಟ್ಟುವುದು ದೇಣಿಗೆ, ಅನುದಾನ, ಶಾಲಾ ಭೇಟಿಯ ಶುಲ್ಕ, ಕೆಫೆಯ ವ್ಯಾಪಾರಗಳಿಂದ. ಅಲ್ಲೇ ಒಂದು ಲೋಟ ಚಹಾ ಕುಡಿಯಿರಿ, ಮೊಟ್ಟೆಯೋ ಸೊಪ್ಪೋ ಮಾರುತ್ತಿದ್ದರೆ ಕೊಳ್ಳಿ.

ದುಡಿಮೆಯನ್ನೇ ಕೊಡುತ್ತೇವೆ ಎನ್ನುವ ಹಿರಿಯರಿಗೂ ದಾರಿಯಿದೆ, ಮಿತಿಯೂ ಇದೆ. ಸಂದರ್ಶಕರ ವೀಸಾದಲ್ಲಿರುವವರು ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿ ಒಟ್ಟು 30 ದಿನಗಳವರೆಗೆ ಸ್ವಯಂಸೇವೆ ಮಾಡಬಹುದು. ಆದರೆ ಬಂದ ಮುಖ್ಯ ಉದ್ದೇಶವೇ ಅದಾಗಿರಬಾರದು, ಸಂಬಳ ಪಡೆಯುವಂತೆಯೂ ಇಲ್ಲ. ಹೆಚ್ಚಿನ ಸಿಟಿ ಫಾರ್ಮ್‌ಗಳು ಇಂಥ ನೋಂದಾಯಿತ ಸಂಸ್ಥೆಗಳೇ, ಆದರೂ ಕೇಳಿ ಖಚಿತಪಡಿಸಿಕೊಳ್ಳಿ. ವೀಸಾ ನಿಯಮಗಳು ಬದಲಾಗುವುದುಂಟು, ಹೊರಡುವ ಮುಂಚೆ ಮತ್ತೊಮ್ಮೆ ನೋಡಿಕೊಳ್ಳಿ. ಇನ್ನು ಅಲ್ಲೇ ಸಂಪಾದಿಸಿ ತೆರಿಗೆ ಕಟ್ಟುವ ಮಗನೋ ಮಗಳೋ ತಮ್ಮ ದುಡ್ಡಿನಿಂದ ದೇಣಿಗೆ ಕೊಡುವುದಾದರೆ ಗಿಫ್ಟ್ ಏಡ್ ಚೀಟಿ ತುಂಬಲು ಹೇಳಿ. ಅವರು ಕೊಟ್ಟ ಪ್ರತಿ ಪೌಂಡಿಗೆ ಸರಕಾರ 25 ಪೆನ್ಸ್ ಸೇರಿಸಿ ಫಾರ್ಮ್‌ಗೆ ಕೊಡುತ್ತದೆ, ಕೊಟ್ಟವರಿಗೆ ಒಂದು ಪೆನ್ನಿಯೂ ಹೆಚ್ಚು ಖರ್ಚಾಗುವುದಿಲ್ಲ.